ಶಾಲೆಯನ್ನು ಅಳೆಯುವ ಬಗೆ

ಜೂನ್ ತಿಂಗಳು ಬಂದಿತೆಂದರೆ ನಮ್ಮ ಊರುಗಳಲ್ಲಿ ಎರಡು ವಿಷಯಗಳ ಮಾತು ಹೆಚ್ಚಾಗಿ ನಡೆಯುತ್ತದೆ. ಒಂದು ಮಳೆ, ಇನ್ನೊಂದು ಮಕ್ಕಳ ಶಾಲೆ. ವಿಜಯಪುರದ ಬಸ್ಸು ನಿಲ್ದಾಣದಲ್ಲಿ, ತಿಕೋಟಾದ ಚಹದ ಅಂಗಡಿಯಲ್ಲಿ, ಬಬಲೇಶ್ವರದ ಬೇವಿನ ಮರದ ಕಟ್ಟೆಯ ಮೇಲೆ, ನಾಲ್ಕು ಜನ ತಂದೆತಾಯಿಗಳು ಕೂಡಿದಲ್ಲೆಲ್ಲ, "ಈ ವರ್ಷ ಹುಡುಗನನ್ನು ಎಲ್ಲಿ ಹಾಕಿದಿರಿ?" ಎಂಬ ಪ್ರಶ್ನೆ ಹೊರಡುತ್ತದೆ. ಉತ್ತರದ ಬೆನ್ನಿಗೇ ತೀರ್ಪೂ ಬರುತ್ತದೆ. ಆ ಶಾಲೆ ಒಳ್ಳೆಯದು, ಈ ಶಾಲೆ ಕೆಟ್ಟುಹೋಯಿತು, ಇನ್ನೊಂದು ಹೆಸರಿಗೆ ಮಾತ್ರ ದೊಡ್ಡದು! ಈ ತೀರ್ಪುಗಳಲ್ಲಿ ಅತಿ ಹೆಚ್ಚು ಪಾಲು ಬರುವುದು 'ಕನ್ನಡ ಸಾಲಿ'ಗೆ. ಈ ಭಾಗದ ಜನ ಸರಕಾರಿ ಪ್ರಾಥಮಿಕ ಶಾಲೆಯನ್ನು ಕರೆಯುವುದು ಹಾಗೆಯೇ. ನಿಮ್ಮಲ್ಲಿ ಅನೇಕರು ಅಲ್ಲಿಂದಲೇ ಬಂದವರಾಗಿರಬಹುದು.

ಇಂತಹ ಅಭಿಪ್ರಾಯಗಳಿಗೆ ಎಷ್ಟು ಬೆಲೆ ಕೊಡಬೇಕು? ಓದಿದವರಲ್ಲಿ ಕೆಲವರು, "ಪೋಷಕರಿಗೆ ಶಿಕ್ಷಣದ ವಿಷಯ ಏನು ತಿಳಿಯುತ್ತದೆ?" ಎಂದು ತಳ್ಳಿಹಾಕುವುದುಂಟು. ಈ ಮಾತು ನನಗೆ ಒಪ್ಪಿಗೆಯಾಗದು. ಮನೆ ಕಟ್ಟುವ ವಿದ್ಯೆ ತಿಳಿಯದವನಿಗೂ ಮಾಳಿಗೆ ಸೋರುತ್ತಿದೆಯೆಂಬುದು ತಿಳಿಯುತ್ತದೆ. ಮಗುವನ್ನು ದಿನವೂ ಕಳುಹಿಸುವವರು, ಸಂಜೆ ಅದರ ಮುಖವನ್ನು ನೋಡುವವರು ಪೋಷಕರು. ಅವರ ಮಾತನ್ನು ಕೇಳಲೇಬೇಕು. ಆದರೆ ಮಾತಿಗೆ ಬೆಲೆ ಬರುವುದು ನೋಡಿ ಆಡಿದಾಗ. ಅಗಸೆಬಾಗಿಲಲ್ಲಿ ನಿಂತು ಊರನ್ನೆಲ್ಲ ವರ್ಣಿಸಿದಂತೆ, ಶಾಲೆಯ ಹೊರಗೆ ನಿಂತು ಒಳಗಿನ ಪಾಠಕ್ಕೆ ಬೆಲೆ ಕಟ್ಟುವುದು ಸರಿಯಲ್ಲ.

ನಗರದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ವಿಜಯಪುರ ನಗರದಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಬೂಟು, ಟೈ, ಮನೆಯ ಬಾಗಿಲಿಗೆ ಬರುವ ಹಳದಿ ಬಸ್ಸು, ಇವು ಕಣ್ಣಿಗೆ ಕಾಣುವ ಗುಣಗಳು. ಇವುಗಳ ಜೊತೆಗೆ ಇನ್ನೊಂದು ಅಳತೆಗೋಲೂ ಉಂಟು. 1963ರಲ್ಲಿ ಆರಂಭವಾದ ಸೈನಿಕ ಶಾಲೆ ಈ ನಗರದಲ್ಲಿದೆ. ಅದರ ಪ್ರವೇಶ ಪರೀಕ್ಷೆ, ನವೋದಯ ವಿದ್ಯಾಲಯದ ಪರೀಕ್ಷೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪರೀಕ್ಷೆ, ಇವುಗಳಿಗೆ ಮಕ್ಕಳನ್ನು ಸಿದ್ಧಗೊಳಿಸುವ ತರಬೇತಿ ಕೇಂದ್ರಗಳು ನಗರದಲ್ಲಿ ಬಹಳ. ಎಷ್ಟು ಮಕ್ಕಳು ಆರಿಸಿ ಬಂದರು ಎಂಬುದರ ಮೇಲೆ ಪೋಷಕರು ಶಾಲೆಗೆ ಬೆಲೆ ಕಟ್ಟುತ್ತಾರೆ. ಮಗ ಮುಂದೆ ಬರಲಿ ಎಂಬ ಹಂಬಲದಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರವೇಶ ಪರೀಕ್ಷೆಯ ಸ್ವಭಾವವೇ ಕೆಲವರನ್ನು ಆರಿಸಿ ಹಲವರನ್ನು ಬಿಡುವುದು. ಪ್ರಾಥಮಿಕ ಶಾಲೆಯ ಧರ್ಮ ಯಾರನ್ನೂ ಬಿಡದೆ ಎಲ್ಲರಿಗೂ ಕಲಿಸುವುದು. ಜೋಳವನ್ನು ಅಳೆಯುವ ಸೇರಿನಿಂದ ಬಟ್ಟೆಯನ್ನು ಅಳೆಯಲಾದೀತೆ?

ನಗರದಿಂದ ಅಥಣಿಯ ದಾರಿ ಹಿಡಿದರೆ ತಿಕೋಟಾ ಸಿಗುತ್ತದೆ. ಇದು ದ್ರಾಕ್ಷಿಯ ಸೀಮೆ. ಹನಿ ಹನಿಯಾಗಿ ನೀರುಣಿಸಿ ಬೆಳೆಸಿದ ತೋಟಗಳು, ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡುಗಳು ಇಲ್ಲಿನ ಹೊಲಗಳ ನಡುವೆ ಕಾಣುತ್ತವೆ. ಆ ತೋಟಗಳಲ್ಲಿ ಕೂಲಿ ಮಾಡುವ ತಾಯಿಯೊಬ್ಬಳನ್ನು, "ನಿಮ್ಮ ಮಗಳ ಶಾಲೆ ಹೇಗಿದೆ?" ಎಂದು ಕೇಳಿ ನೋಡಿರಿ. "ಚಲೋ ಐತ್ರಿ. ಅಕ್ಕೋರು ಚಲೋ ಅದಾರ, ಮಧ್ಯಾಹ್ನ ಊಟಾ ಕೊಡ್ತಾರ" ಎಂಬ ಉತ್ತರ ಬಂದೀತು. ಈ ಉತ್ತರವನ್ನು ಕೇಳಿ ನಗುವುದು ಬೇಡ. 2002ರಲ್ಲಿ ರಾಜ್ಯದ ಉತ್ತರ ಭಾಗದ ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭವಾದುದು, 2013ರಲ್ಲಿ 'ಕ್ಷೀರ ಭಾಗ್ಯ'ದ ಹಾಲು ಬಂದುದು, 2021ರ ಕೊನೆಯಲ್ಲಿ ವಿಜಯಪುರವೂ ಸೇರಿದಂತೆ ಕೆಲವು ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು ದೊರೆತುದು, ಇವೆಲ್ಲ ಸಣ್ಣ ಸಂಗತಿಗಳಲ್ಲ. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲವೆಂಬುದನ್ನು ಆ ತಾಯಿ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಆದರೆ ಮುಂದುವರಿದು, "ಮಗಳು ಓದಬಲ್ಲಳೇ?" ಎಂದು ಕೇಳಿದರೆ ಆಕೆ ಸುಮ್ಮನಾಗುತ್ತಾಳೆ. ತನಗೆ ಓದು ಬಾರದಿರುವಾಗ ಮಗಳ ಓದನ್ನು ಅಳೆಯುವುದು ಹೇಗೆ? ಶಾಲೆಯ ಮೇಲೆ ಎಲ್ಲರಿಗಿಂತ ಹೆಚ್ಚು ಭಾರ ಹಾಕಿದವಳು ಇವಳೇ. ಈ ಶಾಲೆ ಕಲಿಸದಿದ್ದರೆ ಇವಳಿಗೆ ಬೇರೆ ಶಾಲೆಯಿಲ್ಲ, ಮನೆಪಾಠವಿಲ್ಲ. ಹೀಗಿದ್ದೂ ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಕೇಳಿಬರುವ ದನಿ ಇವಳದೇ.

ಇನ್ನು ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರದ ಕಡೆಗೆ ಬರೋಣ. ಡೋಣಿ ನದಿಯ ಆಸುಪಾಸಿನ ಕರಿಮಣ್ಣಿನಲ್ಲಿ ಬಿಳಿಜೋಳ ಬೆಳೆಯುವ ರೈತರ ಸೀಮೆ ಇದು. ಇಲ್ಲಿಯ ತಂದೆಯೊಬ್ಬನ ದೂರು ಬೇರೆ ಬಗೆಯದು: "ನಮ್ಮ ಕಾಲದಾಗ ಸಾಲಾಗಿ ಕುಂಡ್ರಿಸಿ ಮಗ್ಗಿ ಹೇಳಸ್ತಿದ್ರು. ಈಗ ಮೂರು ಇಯತ್ತೆ ಹುಡುಗ್ರು ಕೂಡೇ ಕುಂತು ಚೀಟಿ ಆಡತಾರ." ಅವನು ಚೀಟಿಯೆಂದು ಕರೆದುದು ನಲಿ-ಕಲಿಯ ಕಾರ್ಡುಗಳನ್ನು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ರೂಪಿಸಿದ ಈ ಪದ್ಧತಿ 2009ರ ಸುಮಾರಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಇದರಲ್ಲಿ ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ. ಪ್ರತಿಯೊಂದು ಮಗುವೂ ತನ್ನ ಗತಿಯಲ್ಲಿ ಏರುತ್ತದೆ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಗುಳೆ ಹೋಗುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಉಂಟು. ಅಂತಹ ಮನೆಯ ಮಗು ತಿಂಗಳುಗಟ್ಟಲೆ ಶಾಲೆ ಬಿಟ್ಟು ಮರಳಿದರೆ, ಹಳೆಯ ಪದ್ಧತಿಯಲ್ಲಿ ತರಗತಿ ಮುಂದೆ ಹೋಗಿರುತ್ತಿತ್ತು, ಮಗು ಹಿಂದೆ ಉಳಿಯುತ್ತಿತ್ತು. ಏಣಿಯ ಪದ್ಧತಿಯಲ್ಲಿ ಅದು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸಬಹುದು. ಈ ಕಾರಣವನ್ನು ಆ ತಂದೆಗೆ ಯಾರೂ ವಿವರಿಸಿ ಹೇಳಿರಲಿಲ್ಲ. ಹೇಳದಿದ್ದುದು ಶಾಲೆಯ ತಪ್ಪು. ಕೇಳದಿದ್ದುದು ತಂದೆಯ ತಪ್ಪು. ಹಾಗೆಂದು ಅವನ ಸಂಶಯವೆಲ್ಲ ಹುಸಿಯೆನ್ನಲಾಗದು. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳಬೇಕಾದ ಕಡೆಯಲ್ಲಿ ಎಂತಹ ಒಳ್ಳೆಯ ಪದ್ಧತಿಯೂ ಕುಂಟುತ್ತದೆ.

ಸರಕಾರಿ ಶಾಲೆಯ ಮೇಲಿನ ದೂರುಗಳೆಲ್ಲ ಸುಳ್ಳೆಂದು ನಾನು ವಾದಿಸುವುದಿಲ್ಲ. ಶಿಕ್ಷಕರ ಹುದ್ದೆ ಖಾಲಿ ಇದ್ದರೆ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿಲ್ಲದಿದ್ದರೆ, ಇಂಗ್ಲಿಷ್ ಕಲಿಸುವವರೇ ಇಲ್ಲದಿದ್ದರೆ ಪೋಷಕರು ಗಟ್ಟಿಯಾಗಿ ಹೇಳಲೇಬೇಕು. ಇಂಗ್ಲಿಷ್ ಬೇಕೆಂಬ ಅವರ ಬೇಡಿಕೆಯನ್ನೂ ಹಗುರಾಗಿ ಕಾಣುವಂತಿಲ್ಲ. 2019ರಲ್ಲಿ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದುದು ಈ ಬೇಡಿಕೆಯ ಒತ್ತಾಯದಿಂದಲೇ.

ಆದರೆ ದೂರನ್ನು ಯಾರಲ್ಲಿ ಹೇಳುತ್ತೇವೆ ಎಂಬುದು ಮುಖ್ಯ. ಕಟ್ಟೆಯ ಮೇಲೆ ಆಡಿದ ಮಾತು ಶಾಲೆಯ ಒಳಗೆ ತಲುಪುವುದಿಲ್ಲ. ಅದು ನೆರೆಮನೆಯವರ ಕಿವಿಗೆ ತಲುಪುತ್ತದೆ. "ಆ ಶಾಲೆ ಸರಿಯಿಲ್ಲ" ಎಂದು ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿದರೆ ಸಂಖ್ಯೆ ಇಳಿಯುತ್ತದೆ. ಶಿಕ್ಷಕರ ಹುದ್ದೆಗಳು ಮಕ್ಕಳ ಸಂಖ್ಯೆಯನ್ನು ಅನುಸರಿಸಿ ಇರುವುದರಿಂದ, ಸಂಖ್ಯೆ ಇಳಿದಲ್ಲಿ ಹುದ್ದೆಯೂ ಹೋಗುತ್ತದೆ. ಹುದ್ದೆ ಹೋದಮೇಲೆ ಪಾಠ ಕುಂದುತ್ತದೆ. ಆಗ, "ನಾವು ಮೊದಲೇ ಹೇಳಿರಲಿಲ್ಲವೆ?" ಎನ್ನುತ್ತಾರೆ. ಮೊದಲು ಅರೆ ಸತ್ಯವಾಗಿದ್ದ ಮಾತು ಕೊನೆಗೆ ಪೂರ್ಣ ಸತ್ಯವಾಗಿಬಿಡುತ್ತದೆ. ಅದರ ನಷ್ಟ ಬಿಟ್ಟುಹೋದವರಿಗಲ್ಲ, ಬಿಟ್ಟುಹೋಗಲಾರದವರಿಗೆ. ತಿಕೋಟಾದ ತೋಟದಲ್ಲಿ ಕೂಲಿ ಮಾಡುವ ಆ ತಾಯಿಯ ಮಗಳಿಗೆ.

ದೂರು ಹೇಳುವ ಸ್ಥಳವನ್ನು ಕಾನೂನೇ ಕಟ್ಟಿಕೊಟ್ಟಿದೆ. ಕರ್ನಾಟಕದಲ್ಲಿ 2001ರಲ್ಲಿಯೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಇನ್ನೂ ಮುಂದೆ ಹೋಯಿತು. ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಅಲ್ಲಿ ಓದುವ ಮಕ್ಕಳ ಪೋಷಕರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಅವರೇ ಸಿದ್ಧಪಡಿಸಬೇಕು, ಅನುದಾನದ ಬಳಕೆಯನ್ನು ಅವರೇ ಗಮನಿಸಬೇಕು ಎಂದು ಅದು ವಿಧಿಸಿತು. ಪೋಷಕರ ಸಭೆ ಕರೆದು ಮಗುವಿನ ಹಾಜರಿಯನ್ನೂ ಕಲಿಕೆಯನ್ನೂ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದೂ ಹೇಳಿತು. ಕಾನೂನು ಕುರ್ಚಿಯನ್ನು ಹಾಕಿಕೊಡಬಲ್ಲದು. ಬಂದು ಕುಳಿತುಕೊಳ್ಳಬೇಕಾದವರು ನಾವು. ಸಮಿತಿಯ ಸಭೆ ಒಂದು ದಿನದ ಕೂಲಿಯನ್ನು ಕಳೆಯುವಂತಿದ್ದರೆ ಬಡ ತಾಯಿ ಬರುವುದೆಂತು? ಆದುದರಿಂದ ಅವಳಿಗೆ ಬಿಡುವಿರುವ ಹೊತ್ತಿನಲ್ಲಿ ಸಭೆ ಕರೆಯುವುದು, ಅವಳ ಮಾತನ್ನು ಬರೆದುಕೊಳ್ಳುವುದು, ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಕೊಡುವುದು ಶಾಲೆಯ ಹೊಣೆ.

ಹಾಗಾದರೆ ಶಾಲೆಯನ್ನು ಅಳೆಯುವ ಸರಿಯಾದ ಕೋಲು ಯಾವುದು? ಅದು ಬಹಳ ಸರಳವಾದುದು. 2005ರಿಂದ 'ಅಸರ್' ಎಂಬ ಸಮೀಕ್ಷೆ ನಮ್ಮ ದೇಶದ ಹಳ್ಳಿಗಳಲ್ಲಿ ನಡೆಯುತ್ತ ಬಂದಿದೆ. ಅದನ್ನು ನಡೆಸುವವರು ಮನೆಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಅಕ್ಷರಗಳು, ಪದಗಳು, ಎರಡನೆಯ ತರಗತಿಯ ಮಟ್ಟದ ಒಂದು ಸಣ್ಣ ಕಥೆ ಇರುತ್ತವೆ. ಇನ್ನೊಂದು ಹಾಳೆಯಲ್ಲಿ ಕಳೆಯುವ, ಭಾಗಿಸುವ ಲೆಕ್ಕಗಳು. ದೇಶದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ಕಥೆಯನ್ನು ಓದಲಾರದೆ ನಿಂತುದನ್ನು ಈ ಸಮೀಕ್ಷೆ ಮತ್ತೆ ಮತ್ತೆ ತೋರಿಸಿದೆ. ಖಾಸಗಿ ಶಾಲೆಗಳ ಮಕ್ಕಳಲ್ಲಿಯೂ ಈ ಕೊರತೆ ಇದ್ದೇ ಇತ್ತು. ಟೈ ಕಟ್ಟಿದ ಕೊರಳಿನಿಂದಲೂ ಕಥೆ ಹೊರಡದೆ ಇರಬಹುದು! ಮಗು ಓದಿದುದನ್ನು ತಿಳಿದು ಹೇಳಬಲ್ಲುದೇ, ಅಂಗಡಿಯ ಲೆಕ್ಕ ಮಾಡಬಲ್ಲುದೇ, ತಿಳಿಯದುದನ್ನು ಅಂಜದೆ ಕೇಳಬಲ್ಲುದೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದವರು ಶಾಲೆಯ ಬಗ್ಗೆ ಅಭಿಪ್ರಾಯ ಹೇಳಲಿ. ಅದನ್ನು ಯಾವ ಅಧಿಕಾರಿಯೂ ತಳ್ಳಿಹಾಕಲಾರನು.

ನಮ್ಮ ಹಿರಿಯರು ಶಾಲೆಯನ್ನು ಹೊರಗೆ ನಿಂತು ನೋಡಿದವರಲ್ಲ. ಈ ನಾಡು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಕನ್ನಡದ ಮಕ್ಕಳಿಗೆ ಕನ್ನಡದ ಶಾಲೆಗಳೇ ಬೇಕೆಂದು ಡೆಪ್ಯುಟಿ ಚನ್ನಬಸಪ್ಪನವರು ದುಡಿದರು. ವಚನಗಳನ್ನು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆಯೂ 1910ರಲ್ಲಿ ಈ ನಗರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಲು ಮುಂದಾದರು. ಶಾಲೆ ಸರಿಯಿಲ್ಲವೆಂದು ಹೇಳಿ ಅವರು ಮನೆಗೆ ಹೋಗಿದ್ದರೆ ನಾವು ಇಂದು ಈ ಚರ್ಚೆಗೇ ಕೂಡುತ್ತಿರಲಿಲ್ಲ.

ಕೊನೆಯದಾಗಿ ನಿಮಗೊಂದು ಮಾತು. ನೀವು ಪ್ರಾಥಮಿಕ ಶಾಲೆಯನ್ನು ದಾಟಿ ಬಂದವರು. ನಿಮ್ಮ ತಮ್ಮ ತಂಗಿಯರು, ನೆರೆಯ ಮಕ್ಕಳು ಇನ್ನೂ ಅಲ್ಲಿದ್ದಾರೆ. ಓದು ಬಾರದ ತಾಯಿತಂದೆಗಳಿಗೆ ನೀವೇ ಕಣ್ಣು. ಇಂದು ಸಂಜೆ ಆ ಮಗುವನ್ನು ಹತ್ತಿರ ಕೂಡಿಸಿಕೊಂಡು ಅದರ ಪುಸ್ತಕದ ಒಂದು ಪುಟ ಓದಿಸಿರಿ. ಓದಿದರೆ ಅವ್ವನಿಗೆ ಹೇಳಿರಿ. ತಡವರಿಸಿದರೆ ಅದನ್ನೂ ಹೇಳಿರಿ. ಮುಂದಿನ ಸಭೆಗೆ ಅವ್ವ ಹೋಗಲಿ, ಹೋಗಿ ಗುರುಗಳನ್ನು ಕೇಳಲಿ. ಅಂದು ಅವಳು ಆಡುವ ಮಾತು, ಎಷ್ಟೇ ಚಿಕ್ಕದಾಗಿರಲಿ, ಕಟ್ಟೆಯ ಮೇಲಿನ ನೂರು ತೀರ್ಪುಗಳಿಗಿಂತ ತೂಕವುಳ್ಳದ್ದು.