ತಪ್ಪು ಉತ್ತರದ ಬೆಲೆ

ಪರೀಕ್ಷೆ ಮುಗಿದು ಪ್ರಗತಿಪತ್ರ ಮನೆಗೆ ಬಂದ ದಿನ ಅನೇಕ ಸಂಸಾರಗಳಲ್ಲಿ ಒಂದು ಸಣ್ಣ ನ್ಯಾಯಾಲಯವೇ ಕೂಡುವುದುಂಟು. ತಂದೆಯ ದೃಷ್ಟಿ ಮೊದಲು ಗಣಿತದ ಸಾಲಿಗೆ ಹೋಗುತ್ತದೆ. ಪಕ್ಕದ ಮನೆಯ ಹುಡುಗನಿಗೆ ಎಷ್ಟು ಬಂದಿದೆಯೆಂದು ತಾಯಿ ವಿಚಾರಿಸುತ್ತಾಳೆ. "ಮಗು ಮೊದಲು ಊಟ ಮಾಡಲಿ, ಆಮೇಲೆ ಬಯ್ಯುವಿರಂತೆ" ಎಂದು ಅಜ್ಜಿ ನಡುವೆ ಬರುತ್ತಾಳೆ. 50ಕ್ಕೆ 24 ಎಂಬ ಅಂಕದ ಸುತ್ತ ಇಷ್ಟೆಲ್ಲ ವಾದ ವಿವಾದ ನಡೆದರೂ, ಹೋದ 26 ಅಂಕಗಳು ಯಾವ ದಾರಿಯಲ್ಲಿ ಹೋದವೆಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಆದರೆ ಮಗುವಿನ ವಿದ್ಯೆಗೆ ನಿಜವಾಗಿ ಬೇಕಾದದ್ದು ಆ ಪ್ರಶ್ನೆಯ ಉತ್ತರವೇ.

ಒಂದು ಸಾಮಾನ್ಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. 503ರಲ್ಲಿ 287ನ್ನು ಕಳೆಯಬೇಕು. ಸರಿಯಾದ ಉತ್ತರ 216. ಮೂವರು ಮಕ್ಕಳು ಕ್ರಮವಾಗಿ 384, 226, 225 ಎಂದು ಬರೆದರೆಂದು ಭಾವಿಸೋಣ. ಮೂರೂ ತಪ್ಪು, ಮೂವರಿಗೂ ಸೊನ್ನೆ. ಕೆಂಪು ಶಾಯಿಯ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಈ ಮೂರು ತಪ್ಪುಗಳು ಒಂದೇ ಜಾತಿಯವಲ್ಲ. ಮೊದಲನೆಯ ಮಗು ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ: ಏಳರಲ್ಲಿ ಮೂರು ಹೋದರೆ ನಾಲ್ಕು, ಎಂಟರಲ್ಲಿ ಸೊನ್ನೆ ಹೋದರೆ ಎಂಟು, ಐದರಲ್ಲಿ ಎರಡು ಹೋದರೆ ಮೂರು. ಮೇಲಿನ ಸಂಖ್ಯೆ ಯಾವುದು, ಕೆಳಗಿನದು ಯಾವುದು ಎಂಬ ವಿವೇಚನೆಯೇ ಅದಕ್ಕೆ ಮೂಡಿಲ್ಲ. ಎರಡನೆಯದಕ್ಕೆ ನೆರೆಯ ಸ್ಥಾನದಿಂದ ಕಡ ತರುವ ವಿಧಾನ ತಿಳಿದಿದೆ. ಆದರೆ ಹತ್ತರ ಸ್ಥಾನದಿಂದ ಒಂದನ್ನು ಬಿಡಿಯ ಸ್ಥಾನಕ್ಕೆ ಕೊಟ್ಟ ಮೇಲೆ ಅಲ್ಲಿ ಉಳಿಯುವುದು ಒಂಬತ್ತು ಎಂಬುದನ್ನು ಮರೆತಿದೆ. ಮೂರನೆಯ ಮಗುವಿಗೆ ವ್ಯವಕಲನ ಚೆನ್ನಾಗಿಯೇ ಬರುತ್ತದೆ. ಅದು ಹಲಗೆಯ ಮೇಲಿನ 287ನ್ನು 278 ಎಂದು ನಕಲು ಮಾಡಿಕೊಂಡಿದೆ, ಅಷ್ಟೆ.

ಇನ್ನು ಚಿಕಿತ್ಸೆಯ ಮಾತು. ಮೊದಲನೆಯ ಮಗುವಿಗೆ ಕಡ್ಡಿಗಳ ಕಂತೆ ಕಟ್ಟಿಸಿ, ನೂರನ್ನು ಹತ್ತು ಹತ್ತಾಗಿ, ಹತ್ತನ್ನು ಬಿಡಿಯಾಗಿ ಒಡೆಯುವುದನ್ನು ಕೈಯಿಂದಲೇ ಮಾಡಿಸಿ ಕಲಿಸಬೇಕು. ಎರಡನೆಯದಕ್ಕೆ ಒಂದು ಎಚ್ಚರಿಕೆಯ ಮಾತು ಸಾಕು. ಮೂರನೆಯದಕ್ಕೆ ಗಣಿತದ ಪಾಠವೇ ಬೇಡ. ಬೇಕಾದರೆ ಕಣ್ಣು ತೋರಿಸಿ, ಮುಂದಿನ ಬೆಂಚಿಗೆ ಕರೆತರಬಹುದು. ಇದನ್ನೆಲ್ಲ ನೋಡದೆ "ಹತ್ತು ಸಲ ಬರೆದು ತಾ" ಎಂದು ಮೂವರಿಗೂ ಒಂದೇ ದಂಡ ವಿಧಿಸಿದರೆ ಆಗುವುದೇನು? ಮೊದಲನೆಯ ಮಗು ತನ್ನ ತಪ್ಪನ್ನೇ ಹತ್ತು ಸಲ ಅಭ್ಯಾಸ ಮಾಡಿ, ಅದರಲ್ಲಿ ನಿಷ್ಣಾತವಾಗುತ್ತದೆ!

ಮಕ್ಕಳ ಇಂತಹ ತಪ್ಪುಗಳೆಲ್ಲ ಅಜಾಗ್ರತೆಯ ಫಲವೆಂದು ಹಿರಿಯರು ತಿಳಿಯುವುದು ವಾಡಿಕೆ. 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ವಿದ್ವಾಂಸರು ಈ ನಂಬಿಕೆ ಎಷ್ಟು ಹುರುಳಿಲ್ಲದ್ದೆಂದು ತೋರಿಸಿಕೊಟ್ಟರು. ಮಕ್ಕಳು ಮಾಡಿದ ಕಳೆಯುವ ಲೆಕ್ಕಗಳನ್ನು ಅವರು ಪರಿಶೀಲಿಸಿದಾಗ, ಅನೇಕ ಮಕ್ಕಳು ಒಂದು ತಪ್ಪು ನಿಯಮವನ್ನು ಶ್ರದ್ಧೆಯಿಂದ, ಕ್ರಮ ತಪ್ಪದೆ ಅನುಸರಿಸುತ್ತಿದ್ದುದು ಕಂಡುಬಂದಿತು. ಅಂದರೆ ಆ ಮಗು ಸೋಮಾರಿಯಲ್ಲ. ತಾನು ಅರ್ಥ ಮಾಡಿಕೊಂಡಂತೆ ಪ್ರಾಮಾಣಿಕವಾಗಿ ದುಡಿದಿದೆ. ಅಂತಹ ಮಗುವಿಗೆ "ಗಮನವಿಟ್ಟು ಮಾಡು" ಎಂದು ಗದರಿದರೆ ಏನು ಪ್ರಯೋಜನ?

ಅಂಕವಾದರೂ ಎಲ್ಲರೂ ನಂಬಿರುವಷ್ಟು ಸ್ಥಿರವಾದ ಅಳತೆಯೇ? 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಪ್ರಾಧ್ಯಾಪಕರು ಒಂದು ಕುತೂಹಲಕರವಾದ ಪ್ರಯೋಗ ಮಾಡಿದರು. ಇಂಗ್ಲಿಷ್ ವಿಷಯದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ಅನೇಕ ಪ್ರೌಢಶಾಲೆಗಳಿಗೆ ಕಳುಹಿಸಿ, ಉಪಾಧ್ಯಾಯರಿಂದ ಮೌಲ್ಯಮಾಪನ ಮಾಡಿಸಿದರು. ನೂರಕ್ಕೆ ಒಬ್ಬರು 64 ಕೊಟ್ಟ ಕಡೆ ಮತ್ತೊಬ್ಬರು 98 ಕೊಟ್ಟಿದ್ದರು. ಭಾಷೆಯ ವಿಷಯದಲ್ಲಿ ಅಭಿರುಚಿಯ ಭೇದವಿರುವುದು ಸಹಜವೆಂದು ಹಲವರು ಸಮಾಧಾನ ಹೇಳಿದರು. ಮರುವರ್ಷ ಅದೇ ಪ್ರಯೋಗವನ್ನು ರೇಖಾಗಣಿತದ ಉತ್ತರಪತ್ರಿಕೆಯಿಂದ ನಡೆಸಲಾಯಿತು. ಈ ಬಾರಿ ಅಂಕಗಳು 28ರಿಂದ 95ರವರೆಗೆ ಹರಡಿದ್ದವು!

ಹಾಗೆಂದು ವರ್ಷಾಂತ್ಯದ ಪರೀಕ್ಷೆಯೇ ಬೇಡವೆನ್ನುವುದು ಸಲ್ಲದು. ರೈತನು ಸುಗ್ಗಿಯಲ್ಲಿ ಕಣದ ರಾಶಿಯನ್ನು ಅಳೆಯಲೇಬೇಕು. ಬಂದ ಫಸಲೆಷ್ಟೆಂದು ತಿಳಿಯಲು ಬೇರೆ ದಾರಿಯಿಲ್ಲ. ಆದರೆ ಎಲೆ ಹಳದಿಯಾಗಿದೆಯೇ, ಕಳೆ ಬೆಳೆದಿದೆಯೇ ಎಂದು ತಿಳಿಯಬೇಕಾದರೆ ಪೈರು ನಿಂತಿರುವಾಗಲೇ ಹೊಲ ಸುತ್ತಿ ಬರಬೇಕು. ಕಣದಲ್ಲಿ ನಿಂತು ಕಳೆ ಕೀಳಲಾಗುವುದಿಲ್ಲ. ಶಿಕ್ಷಣದಲ್ಲಿಯೂ ಈ ಎರಡು ಕೆಲಸಗಳು ಬೇರೆ ಬೇರೆ. 1967ರಲ್ಲಿ ಮೈಕೇಲ್ ಸ್ಕ್ರಿವನ್ ಎಂಬ ಚಿಂತಕರು ಇವುಗಳಿಗೆ ಎರಡು ಹೆಸರುಗಳನ್ನಿತ್ತರು. ಬೆಂಜಮಿನ್ ಬ್ಲೂಮ್ ಅವುಗಳನ್ನು ಮಕ್ಕಳ ಕಲಿಕೆಗೆ ಅನ್ವಯಿಸಿದರು. ಕನ್ನಡ ಶಾಲೆಗಳಲ್ಲಿ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನವೆಂದು ಕರೆಯುವುದು ಇವನ್ನೇ.

ಹೊಲ ಸುತ್ತುವ ಈ ಕೆಲಸಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವುದು ಅದರ ಮೊದಲ ಪಾಠ. ಉಪಾಧ್ಯಾಯರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಕಾಲವೂ ಕಾಯುವುದಿಲ್ಲವೆಂದು ಮೇರಿ ಬಡ್ ರೋ ಎಂಬ ಸಂಶೋಧಕಿ ಕಂಡುಕೊಂಡರು. ಆ ಕಾಲವನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು. ಬಾಯಿ ಬಿಡದಿದ್ದವರೂ ಮಾತನಾಡತೊಡಗಿದರು. ಎರಡನೆಯ ಪಾಠ, ತಿದ್ದುವ ಬಗೆ. 1988ರಲ್ಲಿ ಇಸ್ರೇಲಿನ ರುತ್ ಬಟ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಸಲಹೆಯ ಮಾತು ಮಾತ್ರ, ಉಳಿದವರಿಗೆ ಎರಡನ್ನೂ ಕೊಡಲಾಗಿತ್ತು. ಸಲಹೆಯನ್ನಷ್ಟೇ ಪಡೆದವರ ಆಸಕ್ತಿಯೂ ಕೆಲಸವೂ ಮೇಲೇರಿದವು. ಎರಡನ್ನೂ ಪಡೆದವರ ಸ್ಥಿತಿ ಅಂಕ ಮಾತ್ರ ಪಡೆದವರಂತೆಯೇ ಇತ್ತು. ಅಂಕವನ್ನು ಕಂಡ ಕಣ್ಣು ಪಕ್ಕದ ಮಾತಿನತ್ತ ಹೊರಳುವುದು ಕಷ್ಟವೆಂದೇ ಇದರ ಅರ್ಥವಿರಬೇಕು.

ಕನ್ನಡ ನಾಡಿಗೆ ಇದು ಹೊರಗಿನ ವಿಚಾರವೇನಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಸ್ಫೂರ್ತಿಯಿಂದ, ನಲಿ-ಕಲಿ ಎಂಬ ಪದ್ಧತಿ ಆರಂಭವಾಯಿತು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಅಲ್ಲಿ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಒಂದೊಂದಕ್ಕೂ ಕಾರ್ಡುಗಳನ್ನು ಮಾಡಿರುತ್ತಾರೆ. ಮಗು ಒಂದು ಮೆಟ್ಟಿಲನ್ನು ಕಲಿತಿದೆಯೆಂದು ಗೊತ್ತಾದ ಮೇಲೆಯೇ ಮುಂದಿನದನ್ನು ಹತ್ತುತ್ತದೆ. ಜ್ವರ ಬಂದೋ, ಸುಗ್ಗಿಯ ಕೆಲಸಕ್ಕೆ ಹೋಗಿಯೋ ಎರಡು ವಾರ ಶಾಲೆ ತಪ್ಪಿದ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸುತ್ತದೆ. ಅಲ್ಲಿ ಪರೀಕ್ಷೆ ಪಾಠದೊಳಗೇ ಅಡಗಿರುವುದರಿಂದ ಮಗುವಿಗೆ ಅದರ ಭಯವಿಲ್ಲ.

ಕಾನೂನು ಈ ದಿಕ್ಕಿನಲ್ಲಿ ನಡೆಯಲು ಯತ್ನಿಸಿದುದುಂಟು. ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ನೇತೃತ್ವದ ಮಾಧ್ಯಮಿಕ ಶಿಕ್ಷಣ ಆಯೋಗವು, ಹೊರಗಿನ ಪರೀಕ್ಷೆಗಳನ್ನು ಕಡಮೆ ಮಾಡಿ ಮಗುವಿನ ಶಾಲಾ ದಾಖಲೆಗೆ ಬೆಲೆ ಕೊಡಬೇಕೆಂದು 1953ರಲ್ಲಿಯೇ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ಎಂಟನೆಯ ತರಗತಿಯವರೆಗೆ ಯಾರನ್ನೂ ನಪಾಸು ಮಾಡಕೂಡದೆಂಬ ಅದರ ನಿಯಮವನ್ನು 2019ರಲ್ಲಿ ಸಡಿಲಿಸಿ, ಐದು ಮತ್ತು ಎಂಟನೆಯ ತರಗತಿಗಳ ವಿಷಯದ ನಿರ್ಧಾರವನ್ನು ಸರ್ಕಾರಗಳಿಗೆ ಬಿಡಲಾಯಿತು. ಆದರೆ ಯಾವ ಕಾಯಿದೆಯೂ ಉಪಾಧ್ಯಾಯರ ಕಣ್ಣಿಗೆ ಬದಲಿಯಾಗಲಾರದು. ನಿರಂತರ ಮೌಲ್ಯಮಾಪನವೆಂದರೆ ನಿರಂತರವಾಗಿ ದಾಖಲೆಗಳನ್ನು ತುಂಬುವುದು ಎಂದಾದರೆ, ಮಗುವನ್ನು ನೋಡಬೇಕಾದ ಹೊತ್ತು ಕಾಗದಕ್ಕೆ ಹೋಗುತ್ತದೆ. ರಾತ್ರಿ ಹನ್ನೊಂದರವರೆಗೆ ಥರ್ಮಾಕೋಲು ಕತ್ತರಿಸಿ ಜ್ವಾಲಾಮುಖಿಯನ್ನು ಕಟ್ಟುವ ತಂದೆಗೆ ಹತ್ತಕ್ಕೆ ಒಂಬತ್ತು ಅಂಕ ಬಂದರೆ, ಅದರಿಂದ ಮಗನ ವಿಜ್ಞಾನ ಬೆಳೆಯಿತೆನ್ನಲಾದೀತೆ?

ಅರವತ್ತು ಮಕ್ಕಳ ತರಗತಿಯಲ್ಲಿ ಪ್ರತಿ ತಪ್ಪನ್ನೂ ಬಿಡಿಸಿ ನೋಡುವುದು ಒಬ್ಬ ಉಪಾಧ್ಯಾಯರಿಗೆ ಸುಲಭವಲ್ಲ. ಈ ಕಾರ್ಯದಲ್ಲಿ ತಂದೆತಾಯಿಗಳು ಕೈಜೋಡಿಸಬಹುದು. ಅದಕ್ಕೆ ಅವರು ಗಣಿತಜ್ಞರಾಗಬೇಕಿಲ್ಲ. ತಿದ್ದಿದ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು, "ಇದನ್ನು ಹೇಗೆ ಮಾಡಿದೆ, ಹೇಳು" ಎಂದು ಸಮಾಧಾನದಿಂದ ಕೇಳಿ, ಮಗು ಹೇಳಿ ಮುಗಿಸುವವರೆಗೆ ತಡೆಯದೆ ಕೇಳಿಸಿಕೊಂಡರೆ ಸಾಕು. ಎಡವಿದ ಜಾಗ ಎಷ್ಟೋ ಸಲ ಆ ವಿವರಣೆಯ ನಡುವೆ ತಾನಾಗಿಯೇ ಬಯಲಾಗುತ್ತದೆ. ಬಯಲಾಗದಿದ್ದರೆ, ಶಾಲೆಯ ಸಭೆಗೆ ಹೋದಾಗ "ತರಗತಿಯಲ್ಲಿ ಇವನು ಎಷ್ಟನೆಯವನು?" ಎಂದು ಕೇಳುವುದರ ಬದಲು, "ಇವನಿಗೆ ಯಾವುದು ಬಂದಿಲ್ಲ? ಅದನ್ನು ಕಲಿಸಲು ಮನೆಯಲ್ಲಿ ಏನು ಮಾಡಬೇಕು?" ಎಂದು ಕೇಳಬಹುದು. ತನಗೆ ಗಣಿತವೇ ಬಾರದೆಂದು ಎಂಟನೆಯ ವಯಸ್ಸಿನಲ್ಲಿ ನಿಶ್ಚಯಿಸಿಕೊಂಡ ಮಗು ಆ ನಿಶ್ಚಯವನ್ನು ನಲವತ್ತರವರೆಗೂ ಹೊತ್ತು ನಡೆಯಬಲ್ಲುದು. ಅದಕ್ಕೆ ಬಾರದಿದ್ದುದು ಗಣಿತವಲ್ಲ, ಸೊನ್ನೆಯನ್ನು ದಾಟಿ ಕಡ ತರುವ ಒಂದು ಹೆಜ್ಜೆ ಮಾತ್ರ ಎಂಬುದನ್ನು ಆ ವಯಸ್ಸಿನಲ್ಲಿಯೇ ಯಾರಾದರೂ ತೋರಿಸಿಕೊಡಬೇಕು.