ಪುಲಿಕೇಶಿಗೆ ವೆಲ್ವೆಟ್ ಕೋಟು ಬೇಡ

ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವಕ್ಕೆ ಇಮ್ಮಡಿ ಪುಲಿಕೇಶಿ ಬರುವುದೇ ಕೆಂಪು ವೆಲ್ವೆಟ್ ಕೋಟು ತೊಟ್ಟು, ಪಾಲಿಯೆಸ್ಟರ್ ಶಾಲು ಹೊದ್ದು. ಕೇಳಿದರೆ, "ಬಿಡಿ ಸಾರ್, ಬಾಡಿಗೆಗೆ ಸಿಕ್ಕಿದ್ದೇ ಪುಣ್ಯ" ಅನ್ನುತ್ತಾರೆ. ಬ್ಯಾನರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಜಗಳಕ್ಕೆ ನಿಲ್ಲುವ ನಾವು ಬಟ್ಟೆಯ ವಿಷಯದಲ್ಲಿ ಮಾತ್ರ ಯಾಕೆ ಬಿಡಬೇಕು?

578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಗೆ ಹೋಗಿ. ಅಲ್ಲಿನ ದಂಪತಿ ಶಿಲ್ಪಗಳಲ್ಲಿ ಗಂಡಸರಿಗೆ ಸೊಂಟಕ್ಕೆ ಉಟ್ಟ ಬಟ್ಟೆ, ಬರಿ ಎದೆಯ ಮೇಲೆ ಹಾರ. ಕೋಟಿನ ಸುಳಿವಿಲ್ಲ. ಹಾಗಂತ "ಆಗ ಹೊಲಿಗೆಯೇ ಇರಲಿಲ್ಲ" ಅನ್ನುವ ಪಂಡಿತರೂ ಸರಿಯಲ್ಲ. ಪುಲಿಕೇಶಿಗಿಂತ ಹಿಂದಿನ ಅಜಂತಾದ ಒಂದನೇ ಗುಹೆಯ ಚಿತ್ರದಲ್ಲಿ ನರ್ತಕಿ ತೊಟ್ಟಿರುವುದು ಉದ್ದ ತೋಳಿನ ಹೊಲಿದ ಅಂಗಿ. ಹೊಲಿಗೆ ಇತ್ತು, ಯಾರು, ಯಾವಾಗ ತೊಟ್ಟರು ಅನ್ನುವುದೇ ಪ್ರಶ್ನೆ.

ನಾನಿರುವ ಸಟಾಣಾದಿಂದ ಅಜಂತಾ ವಾರಾಂತ್ಯದಲ್ಲಿ ಹೋಗಿಬರುವ ದೂರ. ಪೈಠಣಿ ನೇಯುವ ಯೇವಲಾ ಇದೇ ನಾಶಿಕ್ ಜಿಲ್ಲೆಯಲ್ಲಿದೆ. ಚಿತ್ರ ನೋಡಿ ಬಂದು, ಬಟ್ಟೆ ತಂದು, ಉಟ್ಟು ಬಿಚ್ಚಿ ಮತ್ತೆ ಉಡುವುದು ನನ್ನ ಹವ್ಯಾಸ. "ಸಾಫ್ಟ್‌ವೇರಿನವನಿಗೆ ದರ್ಜಿ ಕೆಲಸ ಯಾಕೆ?" ಎಂದು ಗೆಳೆಯರ ಕುಹಕ. ಶಿಲ್ಪದ ಆ ಸಣ್ಣ ನೆರಿಗೆ ದಪ್ಪ ಬಟ್ಟೆಯಲ್ಲಿ ಕೂರುವುದಿಲ್ಲ, ತೆಳು ಹತ್ತಿಯೇ ಬೇಕು ಎಂದು ಕೈಗೆ ತಿಳಿದದ್ದು ಹೀಗೆ ಉಟ್ಟಾಗಲೇ.

ಖರ್ಚಿನ ನೆಪವನ್ನೂ ಹೇಳಬೇಡಿ. ಉಡುವ ಬಟ್ಟೆಗೆ ದರ್ಜಿ ಬೇಡ, ಅಳತೆ ಬೇಡ. ಬಾಡಿಗೆಯ ದುಡ್ಡಿಗೆ ಇನ್ನಷ್ಟು ಸೇರಿಸಿ ಕೈಮಗ್ಗದ ಪಂಚೆ ಕೊಳ್ಳಿ. ನಾಟಕ ಮುಗಿದ ಮೇಲೆ ಹುಡುಗನ ಅಪ್ಪ ಉಡಲಿ. ವೆಲ್ವೆಟ್ ಅಂಗಡಿಗೆ ವಾಪಸ್ ಹೋಗುತ್ತದೆ. ಪಂಚೆಯ ದುಡ್ಡು ನೇಕಾರನ ಮನೆಗೆ ಹೋಗುತ್ತದೆ.