ಎರಡು ಕಾಗದದ ಲೆಕ್ಕ

ಕಳೆದ ಭಾನುವಾರ ದುಬೈಯಿಂದ ಮಗನ ಫೋನು ಬಂತು. ಮೊದಲು ಅವನು ಶುಕ್ರವಾರ ಮಾಡುತ್ತಿದ್ದ. 2022ರ ಜನವರಿಯಿಂದ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಹಾಗಾಗಿ ನಮ್ಮ ಮನೆಯ ಹಬ್ಬವೂ ಭಾನುವಾರಕ್ಕೆ ಬಂದಿದೆ.

"ಅಪ್ಪಾ, ಬೇರೆ ಕಂಪನಿಯವರು ಕರೆದಿದ್ದಾರೆ. ತಿಂಗಳಿಗೆ ಸಾವಿರ ದಿರ್‌ಹಮ್ ಜಾಸ್ತಿ. ನೀವೊಮ್ಮೆ ಲೆಕ್ಕ ನೋಡಿ" ಎಂದ. ಎರಡೂ ಕಂಪನಿಯ ಕಾಗದಗಳನ್ನು ವಾಟ್ಸಾಪಿನಲ್ಲಿ ಕಳಿಸಿದ. ಬ್ಯಾಂಕಿನಿಂದ ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಆದರೂ ಯಾರಾದರೂ ಲೆಕ್ಕ ನೋಡಿ ಎಂದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಮಕ್ಕಳೇ, ನೀವೂ ಒಂದು ಪೆನ್ಸಿಲ್ ಹಿಡಿಯಿರಿ.

ಹಳೆಯ ಕಂಪನಿ ಇಬ್ಬರು ಮಕ್ಕಳ ಬೋಧನಾ ಶುಲ್ಕ ಕೊಡುತ್ತದೆ. ಮೊಮ್ಮಗಳದು ಐದನೇ ತರಗತಿ, ವರ್ಷಕ್ಕೆ 9,000 ದಿರ್‌ಹಮ್. ಮೊಮ್ಮಗ ಬರುವ ಏಪ್ರಿಲ್‌ನಲ್ಲಿ ಕೆ.ಜಿ.ಗೆ ಸೇರುತ್ತಾನೆ, ಅವನದು 7,000. ಒಟ್ಟು 16,000. ಹೊಸ ಕಂಪನಿಯ ಕಾಗದದಲ್ಲಿ ಶಾಲೆಯ ಮಾತೇ ಇಲ್ಲ. ಹೆಚ್ಚಾಗುವ ಸಂಬಳ ತಿಂಗಳಿಗೆ 1,000ದಂತೆ ವರ್ಷಕ್ಕೆ 12,000. ಶಾಲೆಯ ಬಸ್ಸು, ಪುಸ್ತಕ, ಸಮವಸ್ತ್ರ ಎರಡು ಕಡೆಯೂ ಸ್ವಂತ ಖರ್ಚೇ, ಅದನ್ನು ಹೊಡೆದುಹಾಕಿದೆ. 16,000ದಿಂದ 12,000 ಕಳೆದರೆ ಉಳಿಯುವುದು 4,000. ಜಾಸ್ತಿ ಸಂಬಳ ಎಂದು ಹೋದವನಿಗೆ ವರ್ಷಕ್ಕೆ ನಾಲ್ಕು ಸಾವಿರ ಕೈಯಿಂದ ಹೋಗುತ್ತದೆ!

ಇನ್ನೂ ಒಂದಿದೆ. ಅಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. ಮಗ ಹಳೆಯ ಕಡೆ ಆರು ವರ್ಷ ಮುಗಿಸಿದ್ದಾನೆ. ಹೊಸ ಕಡೆ ಮತ್ತೆ 21ರಿಂದ ಶುರು.

ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಬಾರದೇ ಎಂದು ನನ್ನ ವಯಸ್ಸಿನವರು ಕೇಳಬಹುದು. ಆ ಶಾಲೆಗಳು ಮುಖ್ಯವಾಗಿ ಆ ದೇಶದ ಪ್ರಜೆಗಳ ಮಕ್ಕಳಿಗೆ. ನಮ್ಮವರ ಮಕ್ಕಳು ಹೆಚ್ಚಾಗಿ ನಮ್ಮ ಸಿ.ಬಿ.ಎಸ್.ಇ. ಪಾಠ ಕಲಿಸುವ ಖಾಸಗಿ ಶಾಲೆಗಳಿಗೇ ಹೋಗುತ್ತಾರೆ. ಖಾಸಗಿ ಕಂಪನಿ ಶುಲ್ಕ ಕೊಡಲೇಬೇಕೆಂದು ಕಾನೂನಿಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಮಕ್ಕಳ ಶಿಕ್ಷಣ ಭತ್ಯೆ ನಿಯಮದಲ್ಲೇ ಇದೆ: 2024ರ ಜನವರಿಯಿಂದ ಒಂದು ಮಗುವಿಗೆ ತಿಂಗಳಿಗೆ 2,812 ರೂಪಾಯಿ 50 ಪೈಸೆ, ಇಬ್ಬರು ಮಕ್ಕಳವರೆಗೆ.

ಲೆಕ್ಕ ಮುಗಿಯಿತು. ಆದರೆ ನಾನು ಕೂಡಲೇ ಫೋನು ಮಾಡಲಿಲ್ಲ. ಯಾಕೆಂದರೆ ನನ್ನವಳು ಕಾಫಿ ಇಡುತ್ತಾ ಮೆಲ್ಲಗೆ ಹೇಳಿದ್ದಳು: "ಮಕ್ಕಳನ್ನು ಇಲ್ಲಿಗೇ ಕಳಿಸಲಿ. ಇಲ್ಲಿ ಶಾಲೆ ಇಲ್ಲವೇ? ಆ ಸಾವಿರ ಪೂರ್ತಿ ಉಳಿಯುತ್ತದೆ." ಅದೂ ಸರಿಯಾದ ಲೆಕ್ಕವೇ. ಮೇಲಾಗಿ, ಖಾಲಿ ಮನೆಯಲ್ಲಿ ಎರಡು ಮಕ್ಕಳ ಗಲಾಟೆ! ನನ್ನ ಬಾಯಲ್ಲೂ ನೀರೂರಿತು. "ಹೊಸ ಕೆಲಸಕ್ಕೆ ಸೇರು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಸಂಜೆ ಪಕ್ಕದ ಮನೆಯ ಹುಡುಗ ಗಣಿತ ಹೇಳಿಸಿಕೊಳ್ಳಲು ಬಂದ. ಅವನೂ ಐದನೇ ತರಗತಿ, ನಮ್ಮೂರ ಸರ್ಕಾರಿ ಶಾಲೆ. ಅವನಪ್ಪ ಅದೇ ದುಬೈಯಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ, ಕಂಪನಿಯ ಕ್ಯಾಂಪಿನಲ್ಲಿರುತ್ತಾನೆ. ಅಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 4,000 ದಿರ್‌ಹಮ್ ಸಂಬಳವಿರಬೇಕು, ಇಲ್ಲವೇ 3,000 ಮತ್ತು ವಸತಿ. ಅವನ ಸಂಬಳ ಅಷ್ಟಿಲ್ಲ. ಹಾಗಾಗಿ ಅವನಿಗೆ ಶಾಲೆಯ ಭತ್ಯೆಯ ಪ್ರಶ್ನೆಯೇ ಏಳುವುದಿಲ್ಲ. ಹುಡುಗ ಭಾಗಾಕಾರ ಮಾಡುತ್ತಲೇ ಹೇಳಿದ: "ಅಜ್ಜಾ, ನಮ್ಮಪ್ಪ ಹೋದ ಸಲ ಬಂದಾಗ ನಾನು ಮೂರನೇ ಕ್ಲಾಸು. ಈ ಸಲ ಅವರಿಗಿಂತ ನಾನೇ ಎತ್ತರ ಇರಬಹುದು!" ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಆ ತಂದೆಗೆ ಬೇರೆ ದಾರಿ ಇಲ್ಲ. ನನ್ನ ಮಗನಿಗೆ ಇದೆ. ಇರುವ ದಾರಿಯನ್ನು ನಾನು ನನ್ನ ಆಸೆಗಾಗಿ ಮುಚ್ಚಿಸಹೊರಟಿದ್ದೆ.

ರಾತ್ರಿ ಫೋನು ಮಾಡಿ ಲೆಕ್ಕ ಒಪ್ಪಿಸಿದೆ. "ಹೊಸಬರನ್ನು ನಾಲ್ಕು ಮಾತು ಕೇಳು. ಶುಲ್ಕ ಕೊಡುತ್ತೀರಾ? ಎಷ್ಟು ಮಕ್ಕಳಿಗೆ, ಎಷ್ಟರವರೆಗೆ? ಶಾಲೆಗೇ ಕಟ್ಟುತ್ತೀರೋ, ರಶೀದಿ ತಂದಮೇಲೆ ಕೊಡುತ್ತೀರೋ? ವರ್ಷದ ನಡುವೆ ಕೆಲಸ ಹೋದರೆ ಉಳಿದ ಕಂತು ಯಾರದು? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಬರಲಿ" ಎಂದೆ.

ಬುಧವಾರ ಉತ್ತರ ಬಂತು. ಅವರು ಆಗುವುದಿಲ್ಲ ಎಂದರು. ಮಗ ಹಳೆಯ ಕಡೆಯೇ ಉಳಿದ.

ಮೊಮ್ಮಗಳು ಫೋನು ಕಸಿದುಕೊಂಡು, "ಅಜ್ಜಾ, ನಮ್ಮನ್ನು ಬರಬೇಡಿ ಅಂದಿರಂತೆ?" ಎಂದು ಕೇಳಿದಳು. "ಬೇಸಿಗೆ ರಜೆಗೆ ಬಾ ಪುಟ್ಟಿ, ಅಪ್ಪನನ್ನೂ ಕರೆದುಕೊಂಡು ಬಾ" ಎಂದೆ. ಅಲ್ಲಿ ಬೇಸಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ಇಲ್ಲಿ ಆಗ ಜೋರು ಮಳೆ. ನನ್ನವಳು ಈಗಲೇ ಹಲಸಿನ ಹಪ್ಪಳ ಒಣಗಿಸುವ ಯೋಚನೆಯಲ್ಲಿದ್ದಾಳೆ.